ತೋಳದಾಟಕ್ಕೊಂದು ಹೊಸ ವೇಷ

ಪಾಂಡವರ ಅಜ್ಞಾತವಾಸದ ಕಥೆಯನ್ನು ಕೇಳದ ಮನೆ ನಮ್ಮ ನಾಡಿನಲ್ಲಿರಲಾರದು. ಐವರು ವೀರರೂ ಅವರ ಪತ್ನಿಯೂ ವಿರಾಟನ ನಗರದಲ್ಲಿ ಹೆಸರು ಬದಲಿಸಿಕೊಂಡು, ಒಬ್ಬನು ಅಡುಗೆಯವನಾಗಿ, ಒಬ್ಬನು ನಾಟ್ಯ ಕಲಿಸುವವನಾಗಿ, ಮತ್ತೊಬ್ಬನು ಕುದುರೆಗಳ ಪಾಲಕನಾಗಿ, ಒಂದು ವರ್ಷವನ್ನು ಕಳೆಯಬೇಕು; ಅಷ್ಟರೊಳಗೆ ಗುರುತು ಸಿಕ್ಕಿತೋ, ಮತ್ತೆ ಹನ್ನೆರಡು ವರ್ಷ ಕಾಡು. ದುರ್ಯೋಧನನ ಚಾರರು ನಾಡನ್ನೆಲ್ಲ ಸೋಸಿ ಬರಿಗೈಯಲ್ಲಿ ಮರಳುತ್ತಾರೆ. ಕಡೆಗೆ ಗುರುತು ಹೇಳಿದುದು ಯಾವ ಚಾರನ ಜಾಣ್ಮೆಯೂ ಅಲ್ಲ, ಕೀಚಕನ ಹೆಣ. ಅಂಥವನನ್ನು ಬರಿಗೈಯಿಂದ ಮುದ್ದೆಮಾಡಬಲ್ಲವರು ಲೋಕದಲ್ಲಿ ಎಷ್ಟು ಮಂದಿಯೆಂದು ಎಣಿಸಿದರೆ ಸಾಕು, ಭೀಮನ ಹೆಸರು ತಾನಾಗಿಯೇ ನಾಲಗೆಗೆ ಬರುತ್ತದೆ. ವೇಷವನ್ನು ಮರೆಮಾಡಬಹುದು, ಮಾಡಿದ ಕೆಲಸವನ್ನು ಮರೆಮಾಡುವುದು ಕಷ್ಟ. ಈ ಒಂದು ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಂಡರೆ ಮುಂದೆ ಹೇಳತಕ್ಕದ್ದೆಲ್ಲವೂ ಸುಲಭವಾಗುವುದು.

ಅಜ್ಞಾತವಾಸವನ್ನೇ ಒಂದು ಸಂಜೆಯ ವಿನೋದವಾಗಿ ಮಾಡಿಕೊಂಡ ಆಟಗಳು ಈಚೆಗೆ ಲೋಕದ ಎಲ್ಲೆಡೆಯೂ ಹಬ್ಬಿವೆ. ನಮ್ಮ ಮಕ್ಕಳು ಆಡುವ ರಾಜ-ರಾಣಿ-ಕಳ್ಳ-ಪೊಲೀಸು ಆಟವೂ ಈ ಕುಲಕ್ಕೆ ಸೇರಿದುದೇ. ನಾಲ್ಕು ಚೀಟಿಗಳನ್ನು ಮಡಿಸಿ ಎಸೆದು ಆರಿಸಿಕೊಂಡ ಮೇಲೆ, ಪೊಲೀಸಿನ ಚೀಟಿ ಬಂದವನು ಉಳಿದವರ ಮೋರೆಗಳನ್ನು ನೋಡಿ ಕಳ್ಳನನ್ನು ತೋರಿಸಬೇಕು. ತಪ್ಪಿದರೆ ಅವನ ಅಂಕಗಳು ಕಳ್ಳನ ಪಾಲು. ಆದರೆ ಅಲ್ಲಿ ಒಂದೇ ನೋಟ, ಒಂದೇ ಊಹೆ. ವಾದವಿಲ್ಲ, ಸಾಕ್ಷ್ಯವಿಲ್ಲ, ಪಂಚಾಯಿತಿಯಿಲ್ಲ. ಆ ಪಂಚಾಯಿತಿಯನ್ನು ಸೇರಿಸಿ ಆಟಕ್ಕೆ ದೊಡ್ಡವರ ರುಚಿಯನ್ನು ತಂದವನು ಮಾಸ್ಕೋ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರದ ವಿದ್ಯಾರ್ಥಿಯಾಗಿದ್ದ ದಿಮಿತ್ರಿ ದವಿದೋವ್. ೧೯೮೬-೮೭ರ ಸುಮಾರಿನಲ್ಲಿ ಅವನು ರಚಿಸಿದ ಆಟಕ್ಕೆ ಮಾಫಿಯಾ ಎಂದು ಹೆಸರು. ೧೯೯೭ರಲ್ಲಿ ಅಮೆರಿಕದ ಆಂಡ್ರ್ಯೂ ಪ್ಲಾಟ್ಕಿನ್ ಎಂಬವನು ಅದೇ ಆಟಕ್ಕೆ ಹಳ್ಳಿಯ ಉಡುಪನ್ನು ತೊಡಿಸಿ, ಪಾತಕಿಗಳಿಗೆ ಬದಲಾಗಿ ಇರುಳಿನಲ್ಲಿ ತೋಳಗಳಾಗುವ ಮನುಷ್ಯರನ್ನು ತಂದನು. ನಾವು ಇದನ್ನು ತೋಳದಾಟವೆಂದೇ ಕರೆಯೋಣ. ೨೦೨೦ರ ಮಹಾಮಾರಿಯ ಕಾಲದಲ್ಲಿ ನಮ್ಮ ಹುಡುಗರು ಮೊಬೈಲಿನಲ್ಲಿ ಹಗಲಿರುಳು ಆಡುತ್ತಿದ್ದ ಅಮಾಂಗ್ ಅಸ್ ಎಂಬುದೂ ಇದರ ಮೊಮ್ಮಗುವೇ.

ಆಟದ ಕ್ರಮವು ಸರಳವಾದುದು. ಒಬ್ಬರು ಸೂತ್ರಧಾರರು, ಅವರು ಆಡುವುದಿಲ್ಲ, ಆಡಿಸುತ್ತಾರೆ. ಉಳಿದವರಿಗೆ ಗುಟ್ಟಾಗಿ ಚೀಟಿಗಳನ್ನು ಹಂಚಲಾಗುತ್ತದೆ. ಹೆಚ್ಚಿನವರು ಹಳ್ಳಿಗರು, ಇಬ್ಬರು ಮೂವರು ತೋಳಗಳು. ಇರುಳಾಯಿತೆಂದೊಡನೆ ಎಲ್ಲರೂ ಕಣ್ಣು ಮುಚ್ಚಬೇಕು. ತೋಳಗಳು ಮಾತ್ರ ಕಣ್ತೆರೆದು ಪರಸ್ಪರ ಗುರುತಿಸಿಕೊಂಡು, ಬೆರಳ ಸನ್ನೆಯಿಂದ ಒಬ್ಬನನ್ನು ಬಲಿಗೆ ಆರಿಸುತ್ತವೆ. ಬೆಳಗಾದಾಗ ಸತ್ತವನ ಹೆಸರನ್ನು ಸೂತ್ರಧಾರನು ಸಾರುತ್ತಾನೆ. ಉಳಿದವರು ವಾದಿಸಿ, ಸಂಶಯಿಸಿ, ಕೈಯೆತ್ತಿ ಒಬ್ಬನನ್ನು ಗಲ್ಲಿಗೇರಿಸುತ್ತಾರೆ. ತೋಳಗಳೆಲ್ಲ ಅಳಿದರೆ ಹಳ್ಳಿಗೆ ಜಯ. ತೋಳಗಳ ಸಂಖ್ಯೆ ಹಳ್ಳಿಗರ ಸಂಖ್ಯೆಗೆ ಸಮವಾಯಿತೆಂದರೆ ಅವುಗಳಿಗೆ ಜಯ. ಅರಿತವರು ಕೆಲವರು, ಅರಿಯದವರು ಬಹುಮಂದಿ. ಆಟದ ಜೀವವೆಲ್ಲ ಇಷ್ಟರಲ್ಲಿಯೇ ಇದೆ.

ಇಲ್ಲಿ ಸ್ವಲ್ಪ ಗಣಿತ ಅವಶ್ಯಕ, ವಾಚಕರು ಬೇಸರಿಸಬಾರದು. ಹಳ್ಳಿಗರು ಏನನ್ನೂ ಅರಿಯದೆ ಕಣ್ಣುಮುಚ್ಚಿ ಒಬ್ಬನನ್ನು ಆರಿಸುತ್ತಾರೆಂದೇ ಇಟ್ಟುಕೊಳ್ಳೋಣ, ಆಟವು ಹಗಲಿನಿಂದ ಆರಂಭವಾಗಲಿ. ಮೂವರಲ್ಲಿ ಒಂದು ತೋಳವಿದ್ದರೆ ಹಳ್ಳಿ ಗೆಲ್ಲುವ ಸಂಭವ ಮೂರರಲ್ಲಿ ಒಂದು. ನಾಲ್ವರಿದ್ದರೆ? ಜನ ಹೆಚ್ಚಾದುದರಿಂದ ಹಳ್ಳಿಗೆ ಬಲ ಬಂದಿತೆಂದು ತೋರುವುದು ಸಹಜ. ಆದರೆ ಸಂಭವವು ನಾಲ್ಕರಲ್ಲಿ ಒಂದಕ್ಕೆ ಇಳಿಯುತ್ತದೆ! ಐವರಿದ್ದರೆ ಹದಿನೈದರಲ್ಲಿ ಏಳಕ್ಕೆ ಏರುತ್ತದೆ. ಆರು ಮಂದಿಗೆ ಎಂಟರಲ್ಲಿ ಮೂರಕ್ಕೆ ಮತ್ತೆ ಇಳಿಯುತ್ತದೆ. ಬೆಸಸಂಖ್ಯೆ ಹಳ್ಳಿಗೆ ಅನುಕೂಲ, ಸಮಸಂಖ್ಯೆ ತೋಳಕ್ಕೆ ಅನುಕೂಲ. ಕಾರಣವೇನೆಂದರೆ, ನಾಲ್ವರಲ್ಲಿ ಒಬ್ಬನನ್ನು ತಪ್ಪಾಗಿ ಗಲ್ಲಿಗೇರಿಸಿ ಇನ್ನೊಬ್ಬನು ಇರುಳಿನಲ್ಲಿ ಸತ್ತರೆ ಉಳಿಯುವುದು ಇಬ್ಬರು. ಅಲ್ಲಿಗೆ ಕಥೆ ಮುಗಿಯಿತು. ನಾಲ್ಕನೆಯವನಿಂದ ಊಹಿಸಬೇಕಾದ ಮನೆ ಒಂದು ಹೆಚ್ಚಿತೇ ಹೊರತು ಊಹಿಸುವ ಅವಕಾಶ ಹೆಚ್ಚಲಿಲ್ಲ. ಒಂಬತ್ತು ಮಂದಿಯಲ್ಲಿ ಎರಡು ತೋಳಗಳನ್ನಿಟ್ಟು ಲೆಕ್ಕಹಾಕಿದರೆ ಹಳ್ಳಿಯ ಗೆಲುವು ನೂರಕ್ಕೆ ಮೂವತ್ತರ ಆಸುಪಾಸು.

ಆದುದರಿಂದಲೇ ಹಳ್ಳಿಗೆ ಸಹಾಯಕರು ಬೇಕು. ಮೊದಲನೆಯವಳು ಕಣಿ ಹೇಳುವವಳು: ಪ್ರತಿ ಇರುಳೂ ಒಬ್ಬನನ್ನು ತೋರಿಸಿ ಅವನು ತೋಳವೋ ಅಲ್ಲವೋ ಎಂದು ಸೂತ್ರಧಾರನ ಸನ್ನೆಯಿಂದ ತಿಳಿಯುವಳು. ಇವಳ ಬಲವೆಷ್ಟೆಂಬುದನ್ನು ಬ್ರೇವರ್ಮನ್, ಎತೆಸಾಮಿ, ಮೊಸೆಲ್ ಎಂಬ ಮೂವರು ಗಣಿತಜ್ಞರು ೨೦೦೮ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅಳೆದಿದ್ದಾರೆ. ಕಣಿಯವಳಿಲ್ಲದ ಹಳ್ಳಿಯಲ್ಲಿ ಆಟ ಸಮಬಲವಾಗಿರಬೇಕಾದರೆ ತೋಳಗಳ ಸಂಖ್ಯೆಯು ಜನಸಂಖ್ಯೆಯ ವರ್ಗಮೂಲದಂತೆ ಬೆಳೆಯಬೇಕು. ಎಂದರೆ ಹಳ್ಳಿ ನೂರುಮಡಿಯಾದರೆ ತೋಳಗಳು ಹತ್ತುಮಡಿಯಾದರೆ ಸಾಕು. ಒಬ್ಬಳೇ ಒಬ್ಬಳು ಕಣಿಯವಳು ಬಂದೊಡನೆ ಲೆಕ್ಕ ತಲೆಕೆಳಗಾಗುತ್ತದೆ: ಹಳ್ಳಿ ನೂರುಮಡಿಯಾದರೆ ತೋಳಗಳೂ ನೂರುಮಡಿಯಾಗಬೇಕು. ಒಂದು ಚೀಟಿ ಇಡೀ ಊರಿನ ಭಾಗ್ಯವನ್ನು ಬದಲಿಸುತ್ತದೆ. ಹೊಸ ವೇಷವನ್ನು ಕಟ್ಟಹೊರಟವರು ಎಷ್ಟು ಎಚ್ಚರದಿಂದಿರಬೇಕೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಎರಡನೆಯವನು ವೈದ್ಯ. ಇರುಳಿಗೊಬ್ಬನನ್ನು ಅವನು ಕಾಯುವನು. ತೋಳ ಅಲ್ಲಿಗೇ ಬಂದರೆ ಬಲಿ ತಪ್ಪುವುದು. ಕೇಳುವುದಕ್ಕೆ ದೊಡ್ಡ ಉಪಕಾರ. ಆದರೆ ಮೇಲಿನ ಸಮ-ಬೆಸದ ಲೆಕ್ಕವನ್ನು ಮತ್ತೆ ನೋಡಿರಿ. ಮೂವರಾಗಿ ಉಳಿಯಬೇಕಾಗಿದ್ದ ಹಳ್ಳಿ ವೈದ್ಯನ ದಯದಿಂದ ನಾಲ್ವರಾಗಿ ಉಳಿಯಿತು. ಆ ದಿನ ಯಾರನ್ನೂ ಗಲ್ಲಿಗೇರಿಸದೆ ಸುಮ್ಮನಿದ್ದು ಮರುದಿನ ಮೂವರಾಗುವುದೇ ಅವರಿಗೆ ಲೇಸು, ಏಕೆಂದರೆ ನಾಲ್ಕರಲ್ಲಿ ಒಂದಕ್ಕಿಂತ ಮೂರರಲ್ಲಿ ಒಂದು ದೊಡ್ಡದು. ಒಂದು ಪ್ರಾಣ ಉಳಿದರೂ ಬರಿಯ ಎಣಿಕೆಯಲ್ಲಿ ಲಾಭ ಸೊನ್ನೆ. ಉಳಿದವನು ಯಾರೆಂದು ಸಾರಿದರೆ ಮಾತ್ರ, ಅವನು ತೋಳವಲ್ಲವೆಂಬ ತಿಳಿವಳಿಕೆ ಊರಿಗೆ ದೊರೆತು ಅದೇ ನಿಜವಾದ ಲಾಭವಾಗುವುದು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಸೂತ್ರಧಾರರು ಆ ಹೆಸರನ್ನು ಗುಟ್ಟಾಗಿಯೇ ಇಡುತ್ತಾರೆ, ವೈದ್ಯನ ಚೀಟಿ ಬಂದ ಹುಡುಗನು ತಾನು ದೊಡ್ಡ ಕೆಲಸ ಮಾಡಿದೆನೆಂದು ಹಿಗ್ಗುತ್ತಾನೆ, ಹಿಗ್ಗಲಿ.

ಈಚೆಗೆ ಬಂದ ವೇಷಗಳು ನೂರಾರು. ಫ್ರಾನ್ಸಿನಲ್ಲಿ ೨೦೦೧ರಲ್ಲಿ ಹೊರಟ ಮಿಲ್ಲರ್ಸ್ ಹಾಲೊ ಎಂಬ ಹಳ್ಳಿಯ ಆಟದಲ್ಲಿ ಒಬ್ಬ ಬೇಟೆಗಾರನಿದ್ದಾನೆ. ಸಾಯುವಾಗ ಜೊತೆಗೊಬ್ಬನನ್ನು ಒಯ್ಯುವನು. ಪ್ರೇಮಪಾಶದಿಂದ ಇಬ್ಬರನ್ನು ಬಂಧಿಸುವ ಮನ್ಮಥನೊಬ್ಬನುಂಟು. ಒಬ್ಬರಳಿದರೆ ಇನ್ನೊಬ್ಬರೂ ಅಳಿಯಬೇಕು. ಎಲ್ಲಕ್ಕಿಂತ ಮನೋಹರವಾದುದು ಪುಟ್ಟ ಹುಡುಗಿಯ ವೇಷ: ತೋಳಗಳು ಎದ್ದಿರುವಾಗ ಬೆರಳ ಸಂದಿನಿಂದ ಕದ್ದು ನೋಡುವ ಹಕ್ಕು ಅವಳಿಗೆ. ಕಲ್ಪನೆ ಸೊಗಸು, ಆಡಿದರೆ ಜಗಳ. ಕಣ್ಣು ಎಷ್ಟು ತೆರೆದಳು, ಯಾವಾಗ ತೆರೆದಳು ಎಂಬುದಕ್ಕೆ ಪ್ರಮಾಣವೇ ಇಲ್ಲ. ೨೦೧೨ರ ಆವಲಾನ್ ಎಂಬ ಆಟದ ಮರ್ಲಿನನನ್ನು ನಾವು ಇವೆಲ್ಲಕ್ಕಿಂತ ಮೇಲಿಡುತ್ತೇವೆ. ಅವನು ದುಷ್ಟರನ್ನು ಬಲ್ಲನು; ಆದರೆ ಸಜ್ಜನರು ಗೆದ್ದ ಮೇಲೂ, ದುಷ್ಟರು ಅವನನ್ನು ಗುರುತಿಸಿ ತೋರಿಸಿಬಿಟ್ಟರೆ ಗೆಲುವು ಅವರ ಪಾಲಾಗುವುದು. ಬಲ್ಲವನು ಬಾಯಿಬಿಡಬೇಕು, ಆದರೆ ಬಲ್ಲೆನೆಂಬುದು ತೋರಬಾರದು. ಶಕ್ತಿಗೆ ತಕ್ಕ ಬೆಲೆಯನ್ನು ಇಷ್ಟು ನ್ಯಾಯವಾಗಿ ಕಟ್ಟಿದ ವೇಷವನ್ನು ನಾವು ಬೇರೆ ಕಂಡಿಲ್ಲ.

ಇಷ್ಟೆಲ್ಲ ಇರುವಾಗ ಇನ್ನೊಂದು ಹೊಸ ವೇಷವೇಕೆ ಎಂದು ವಾಚಕರು ಕೇಳಬಹುದು. ನಮ್ಮ ಮನೆಗಳಲ್ಲಿ ಈ ಆಟ ಹೇಗೆ ನಡೆಯುತ್ತದೆಂಬುದನ್ನು ಕಂಡವರಿಗೆ ಉತ್ತರವು ಹೊಳೆಯುವುದು. ಮೊದಲ ಹಗಲಿನಲ್ಲಿ ಯಾರಿಗೂ ಏನೂ ಗೊತ್ತಿರುವುದಿಲ್ಲ, ಆದರೂ ಯಾರನ್ನಾದರೂ ಗಲ್ಲಿಗೇರಿಸಬೇಕು. ಆಗ ಬೆರಳು ಯಾರ ಕಡೆಗೆ ತಿರುಗುತ್ತದೆ? ದನಿಯೆತ್ತಿ ಮಾತನಾಡುವ ಚಿಕ್ಕಪ್ಪನ ಕಡೆಗಲ್ಲ. “ಇವಳೇಕೆ ಸುಮ್ಮನಿದ್ದಾಳೆ?” ಎಂದು ಯಾರೋ ಒಬ್ಬರು ನಗುತ್ತ ಅನ್ನುತ್ತಾರೆ, ಕೈಗಳು ಮೇಲೇಳುತ್ತವೆ. ಕಳೆದ ದಸರೆಯ ರಜೆಯಲ್ಲಿ ನೆಂಟರ ಮನೆಯೊಂದರಲ್ಲಿ ಒಂದೇ ಸಂಜೆ ಮೂರು ಆಟಗಳಾದುವು. ಮೂರರಲ್ಲಿಯೂ ಮೊದಲ ಗಲ್ಲು ಆ ಮನೆಗೆ ಆರು ತಿಂಗಳ ಹಿಂದೆ ಬಂದ ಸೊಸೆಗೆ. ಮೂರು ಸಲವೂ ಅವಳು ಹಳ್ಳಿಗಳೇ ಆಗಿದ್ದಳು. ಮೊದಲ ಸಲ ನಕ್ಕಳು, ಎರಡನೆಯ ಸಲವೂ ನಕ್ಕಳು, ಮೂರನೆಯ ಸಲ “ಅಕ್ಕಿ ಇಡಬೇಕು” ಎಂದು ಎದ್ದು ಒಳಗೆ ಹೋದಳು. ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದುದಲ್ಲ. ಆದರೂ ಹೊಸದಾಗಿ ಒಂದು ಮನೆಗೆ ಬಂದವಳಿಗೆ, ಮನೆಮಂದಿಯೆಲ್ಲ ಸೇರಿ ಮೂರು ಸಲ ಬೆರಳು ತೋರಿಸಿದುದು ಆಟವೆಂದೇ ತೋರಬೇಕೆಂದು ನಾವು ಹೇಗೆ ಹೇಳೋಣ?

ಸತ್ತವರು ಸುಮ್ಮನೆ ಕುಳಿತಿರಬೇಕಾದ ಬೇಸರಕ್ಕೆ ಬೇರೆಯವರು ಮದ್ದು ಕಂಡುಹಿಡಿದಿದ್ದಾರೆ. ೨೦೨೨ರಲ್ಲಿ ಪ್ರಕಟವಾದ ಬ್ಲಡ್ ಆನ್ ದಿ ಕ್ಲಾಕ್‌ಟವರ್ ಎಂಬ ಆಟದಲ್ಲಿ ಸತ್ತವರೂ ಮಾತನಾಡಬಹುದು. ಆಟ ಮುಗಿಯುವುದರೊಳಗೆ ಒಂದೇ ಒಂದು ಮತವನ್ನೂ ಹಾಕಬಹುದು. ಉತ್ತಮ ಕ್ರಮ, ಎಲ್ಲ ಮನೆಗಳಲ್ಲಿಯೂ ಅದನ್ನು ಸೇರಿಸಿಕೊಳ್ಳಲಿ. ಆದರೆ ಮಾತೇ ಬಾರದವರಿಗೆ ಸತ್ತ ಮೇಲೆ ಮಾತನಾಡುವ ಹಕ್ಕು ಕೊಟ್ಟರೆ ಏನು ಬಂದಿತು? ಮಿತಭಾಷಿಗಳಿಗೂ ಆಟದಲ್ಲಿ ತೂಕ ದೊರೆಯುವಂತಹ ವೇಷ ಬೇಕು.

ಮೊದಲು ಹೊಳೆಯುವುದು ಮೌನಿಯ ವೇಷ: ಮೌನಿಯನ್ನು ಗಲ್ಲಿಗೇರಿಸಿದರೆ ಊರಿಗೆ ಮರುದಿನದ ಮತವು ತಪ್ಪುವುದೆಂಬ ನಿಯಮ. ಹಾಗೆ ಮಾಡಿದರೆ ಸುಮ್ಮನಿದ್ದವರನ್ನು ಯಾರೂ ಮುಟ್ಟರು, ನಿಜ. ತೋಳಗಳೂ ಸುಮ್ಮನಾಗುವುವು, ಹಳ್ಳಿಗರೂ ಸುಮ್ಮನಾಗುವರು, ಹತ್ತು ಜನ ಸುತ್ತಲೂ ಕುಳಿತು ಚಾವಣಿಯನ್ನು ನೋಡುವ ಆಟವಾಗುವುದು. ಅದನ್ನು ಬಿಟ್ಟುಬಿಡೋಣ. ಮಾತನಾಡದವಳ ಪರವಾಗಿ ಮತ್ತೊಬ್ಬರು ಮಾತನಾಡಬೇಕು. ಆ ಮತ್ತೊಬ್ಬರು ಸೂತ್ರಧಾರರಲ್ಲದೆ ಬೇರೆ ಯಾರು? ಅವಳು ಇರುಳಿನಲ್ಲಿ ಒಂದು ಬೆರಳನ್ನು ಎತ್ತಿದರೆ ಸಾಕು; ಬೆಳಗ್ಗೆ ಅವಳ ಸಾಕ್ಷ್ಯವನ್ನು ಸೂತ್ರಧಾರನು ಊರಿಗೆಲ್ಲ ಸಾರಲಿ, ಹೇಳಿದವರ ಹೆಸರು ಮಾತ್ರ ಹೊರಬೀಳದಿರಲಿ.

ಹಾಗಾದರೆ ಎಲ್ಲರಿಗಿಂತ ಮೊದಲೆದ್ದು, ಮನೆಮನೆಯ ಬಾಗಿಲನ್ನೂ ಕಂಡು, ಯಾರೊಡನೆಯೂ ಹೆಚ್ಚು ಮಾತಿಲ್ಲದೆ ಹೋಗುವವರು ಯಾರು? ಹಾಲಿನವಳು. ಅವಳು ಹೊಸ್ತಿಲ ಮುಂದಣ ರಂಗೋಲಿಯನ್ನು ನೋಡುತ್ತಾಳೆ. ಸಂಜೆ ಬಿಟ್ಟ ರಂಗೋಲಿ ಅಳಿಸಿದ್ದರೆ ಆ ಮನೆಯವರು ಇರುಳಿನಲ್ಲಿ ಹೊರಗೆ ಹೋಗಿದ್ದರು, ಅಳಿಸದಿದ್ದರೆ ಮಲಗಿದ್ದರು. ಏತಕ್ಕೆ ಹೋದರೆಂಬುದು ಅವಳಿಗೆ ತಿಳಿಯದು. ಇರುಳ ಸಂಚಾರವನ್ನು ಕಾಣುವ ವೇಷಗಳು ಬೇರೆ ಆಟಗಳಲ್ಲಿಯೂ ಉಂಟು. ಕಂಡುದು ಕಂಡವರ ಬಾಯಿಂದಲ್ಲದೆ ಬಯಲಾಗುವುದೇ ಇಲ್ಲಿಯ ವಿಶೇಷ.

ಈಗ ಅಳತೆ ನೋಡೋಣ. ಒಂಬತ್ತು ಮಂದಿ: ಎರಡು ತೋಳ, ಕಣಿಯವಳು, ವೈದ್ಯ, ಹಾಲಿನವಳು, ನಾಲ್ವರು ಹಳ್ಳಿಗರು. ಇರುಳಿನಲ್ಲಿ ಯಾರು ಯಾರು ಹೊರಗೆ ಹೋಗುವರೆಂಬುದೇ ಇಲ್ಲಿ ಮುಖ್ಯ. ತೋಳಗಳಲ್ಲಿ ಒಂದೇ ಬೇಟೆಗೆ ಹೋಗಿ, ಜೊತೆಗೆ ಕಣಿಯವಳೂ ವೈದ್ಯನೂ ಹೋಗುವರೆಂದು ವಿಧಿಸಿದರೆ, ಹಾಲಿನವಳಿಗೆ ಕಾಣುವ ಎಂಟು ಮನೆಗಳಲ್ಲಿ ಮೂರರ ರಂಗೋಲಿ ಅಳಿಯುವುದು. ಮೂರರಲ್ಲಿ ಒಂದು ಮಾತ್ರ ತೋಳದ್ದು. ಕಣ್ಣುಮುಚ್ಚಿ ಆರಿಸಿದರೂ ಎಂಟರಲ್ಲಿ ಎರಡು, ಅಂದರೆ ನಾಲ್ಕರಲ್ಲಿ ಒಂದು ಸಂಭವವಿದ್ದೇ ಇದೆ. ನಾಲ್ಕರಲ್ಲೊಂದನ್ನು ಮೂರರಲ್ಲೊಂದು ಮಾಡುವುದಕ್ಕಾಗಿ ಊರಿನ ಇಬ್ಬರು ಹಿತೈಷಿಗಳನ್ನು ಬಯಲಿಗೆಳೆಯುವ ವೇಷವು ಊರಿಗೆ ಶಾಪ. ತೋಳಗಳೆರಡೂ ಹೋಗುವುವೆಂದಿಟ್ಟುಕೊಂಡರೆ ಅಳಿದ ನಾಲ್ಕು ರಂಗೋಲಿಗಳಲ್ಲಿ ಎರಡು ತೋಳಗಳವು, ಇದು ಮೇಲು. ಆದರೆ ತೋಳವಲ್ಲದ ಮನೆಯ ರಂಗೋಲಿ ಅಳಿದಿದೆಯೆಂದು ಸಾರಿದ ಕೂಡಲೇ, ಆ ಮನೆಯವರು ಕಣಿಯವಳೋ ವೈದ್ಯನೋ ಎಂಬುದು ತೋಳಗಳಿಗೆ ಸಂಶಯವಿಲ್ಲದೆ ತಿಳಿಯುವುದು. ಆ ಇರುಳೇ ಅವರ ಕಡೆಯ ಇರುಳು.

ಆದುದರಿಂದ ಕಣಿಯವಳು ಮನೆಯಲ್ಲಿಯೇ ಕುಳಿತು ಕವಡೆ ಹಾಕಲಿ. ತೋಳಗಳೆರಡೂ, ವೈದ್ಯನೂ ಹೊರಡಲಿ. ವೈದ್ಯನು ತನ್ನನ್ನೇ ಕಾಯ್ದುಕೊಂಡ ಇರುಳು ಅವನ ರಂಗೋಲಿ ಅಳಿಯದು. ಈಗ ಎಂಟು ಮನೆಗಳಲ್ಲಿ ಮೂರರ ರಂಗೋಲಿ ಅಳಿಯುವುದು. ಮೂರರಲ್ಲಿ ಎರಡು ತೋಳಗಳದು. ಸಂಶಯಕ್ಕೆ ಬಲ ಬಂದಿತು, ಆದರೆ ನಿಶ್ಚಯವಾಗಲಿಲ್ಲ. ಸಿಕ್ಕಿಬಿದ್ದ ತೋಳಕ್ಕೆ ಹೇಳಲು ಒಂದೇ ಮಾತು: “ನಾನು ವೈದ್ಯ.” ನಿಜವಾದ ವೈದ್ಯನಿಗೂ ಅದೇ ಮಾತು. ಸುಳ್ಳು ವೈದ್ಯನು ಎದ್ದು ನಿಂತಾಗ ನಿಜವಾದವನು ಬಾಯಿಬಿಟ್ಟರೆ ಇರುಳಿನಲ್ಲಿ ಸಾಯಬೇಕು. ಬಿಡದಿದ್ದರೆ ತೋಳ ಉಳಿಯುವುದು. ಇಂಥ ಇಕ್ಕಟ್ಟುಗಳನ್ನು ತಾನಾಗಿ ಹುಟ್ಟಿಸುವ ವೇಷವೇ ಒಳ್ಳೆಯ ವೇಷ.

ಇನ್ನೊಂದು ಗುಣವೂ ಇದರಿಂದ ಒದಗಿತು. ಸತ್ತವರ ಚೀಟಿಯನ್ನು ಬಿಚ್ಚಿ ತೋರಿಸುವ ಪದ್ಧತಿಯಿದ್ದರೆ, ವೈದ್ಯನು ಸತ್ತ ಮೇಲೆ ಅಳಿದ ರಂಗೋಲಿಯೆಂದರೆ ತೋಳವೇ ಸರಿ. ಆದುದರಿಂದ ತೋಳಗಳು ವೈದ್ಯನನ್ನು ಕೊಲ್ಲಲು ಹಿಂಜರಿಯುವುವು. ಅವನೇ ಅವುಗಳ ಮರೆ. ಬೇಕಾದರೆ ತೋಳಗಳು ಒಂದಿರುಳು ಉಪವಾಸವಿದ್ದು ಮನೆಯಲ್ಲಿಯೇ ಮಲಗಬಹುದೆಂದು ನಿಯಮ ಮಾಡಿರಿ: ರಂಗೋಲಿ ಉಳಿಯುವುದು, ಬಲಿ ತಪ್ಪುವುದು. ಕೀಚಕನನ್ನು ಕೊಂದರೆ ಗುರುತು ಸಿಕ್ಕುವುದೆಂದು ಭೀಮನಿಗೂ ಗೊತ್ತಿದ್ದಿರಬೇಕು. ಅವನು ಸುಮ್ಮನಿರಲಾರದೆ ಹೋದನು.

ಹಾಲಿನವಳ ಶಕ್ತಿಗೆ ಮಿತಿ ಬೇಕು. ಪ್ರತಿದಿನವೂ ಊರಿಗೆಲ್ಲ ಸಾಕ್ಷ್ಯ ಸಾರಿದರೆ ಕಣಿಯವಳಿಗೆ ಕೆಲಸವಿಲ್ಲ. ಇಡೀ ಆಟಕ್ಕೆ ಎರಡೇ ಬಾರಿ ಅವಳು ಮನೆ ತೋರಿಸಬಹುದು. ಉಳಿದ ಬೆಳಗುಗಳಲ್ಲಿ ತಲೆಯಲ್ಲಾಡಿಸಿ ಸುಮ್ಮನಾಗಬೇಕು. ಬೇಗನೆ ಬಳಸಿದರೆ ಸಾಕ್ಷ್ಯ ಸಂದಿಗ್ಧ. ಕಾಯ್ದಿಟ್ಟರೆ ಅದು ಹರಿತವಾಗುವುದು, ಆದರೆ ಅಷ್ಟರಲ್ಲಿ ತಾನೇ ಬಲಿಯಾಗಬಹುದು.

ಈ ನಿಯಮಗಳನ್ನು ಬರೆದುಕೊಂಡು ಅದೇ ನೆಂಟರ ಮನೆಯಲ್ಲಿ ದೀಪಾವಳಿಯ ಸಂಜೆ ಆಡಿಸಿ ನೋಡಿದೆವು. ಮೊದಲ ಹಗಲು ಬೆರಳುಗಳು ಎಂದಿನಂತೆ ಸೊಸೆಯ ಕಡೆಗೆ ತಿರುಗಿದುವು, ಅಷ್ಟರಲ್ಲಿ ಅಜ್ಜಿ, “ತಡೆಯಿರಿ, ಸುಮ್ಮನಿರುವವಳು ಹಾಲಿನವಳಾಗಿದ್ದರೆ?” ಎಂದರು. ಕೈಗಳು ಇಳಿದುವು. ಎರಡನೆಯ ಬೆಳಗ್ಗೆ ಸೂತ್ರಧಾರನು, ಆ ಮನೆಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ವಾದಿಸುವ ಚಿಕ್ಕಪ್ಪನವರ ರಂಗೋಲಿ ಅಳಿದಿದೆಯೆಂದು ಸಾರಿದನು. ಅವರು ತಕ್ಷಣವೇ ತಾನು ವೈದ್ಯನೆಂದು ಎದೆ ತಟ್ಟಿಕೊಂಡರು. ಹತ್ತು ವರ್ಷದ ಹುಡುಗನೊಬ್ಬನು ತುಟಿ ಕಚ್ಚಿಕೊಂಡು ಬಹಳ ಹೊತ್ತು ಕುಳಿತಿದ್ದು, ಕಡೆಗೆ ತಡೆಯಲಾರದೆ, “ಅಲ್ಲ, ವೈದ್ಯ ನಾನು” ಎಂದನು. ಊರು ಎರಡು ಪಾಲಾಯಿತು. ಒಂದು ಮತದಿಂದ ಚಿಕ್ಕಪ್ಪನವರಿಗೆ ಗಲ್ಲಾಯಿತು. ಚೀಟಿ ಬಿಚ್ಚಿದರೆ ತೋಳ. ಬೆರಳು ತೋರಿಸಿದವರು ಯಾರೆಂಬುದು ಆಟ ಮುಗಿಯುವವರೆಗೂ ಯಾರಿಗೂ ತಿಳಿಯಲಿಲ್ಲ. ಸೊಸೆ ತನ್ನ ಚೀಟಿಯನ್ನು ಬಿಚ್ಚಿಟ್ಟಾಗ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವರು ಆ ಚಿಕ್ಕಪ್ಪನವರೇ.

ಇದು ಮಕ್ಕಳಿಗೆ ಸುಳ್ಳನ್ನು ಕಲಿಸುವ ಆಟವೆಂದು ಆಕ್ಷೇಪಿಸುವ ಹಿರಿಯರುಂಟು. ಬಯಲಾಟದಲ್ಲಿ ಶಕುನಿಯ ವೇಷ ಹಾಕಿದವನನ್ನು ಮರುದಿನ ಯಾರೂ ಜೂಜುಕೋರನೆನ್ನುವುದಿಲ್ಲ. ಆದರೆ ಆರು ವರ್ಷಕ್ಕೆ ಕಿರಿಯ ಮಕ್ಕಳಿಗೆ ವೇಷಕ್ಕೂ ನಿಜಕ್ಕೂ ಇರುವ ಗೆರೆ ತೆಳುವಾದುದರಿಂದ ಅವರನ್ನು ಸೂತ್ರಧಾರನ ಸಹಾಯಕರಾಗಿ ಕುಳ್ಳಿರಿಸಿಕೊಳ್ಳುವುದು ಮೇಲೆಂದು ನಮ್ಮ ಮತ.

ಆಡಿಸುವವರಿಗೆ ಇನ್ನು ಎರಡು ಮಾತು. ಏಳೇ ಮಂದಿಯಿದ್ದರೆ ಕಣಿಯವಳನ್ನೂ ಒಬ್ಬ ಹಳ್ಳಿಗನನ್ನೂ ಬಿಡಿರಿ. ಹನ್ನೆರಡಕ್ಕೆ ಮೇಲ್ಪಟ್ಟರೆ ತೋಳಗಳು ಮೂರಾಗಲಿ, ಹಾಲಿನವಳಿಗೆ ಮೂರು ಬೆಳಗು ಸಲ್ಲಲಿ. ಹಾಲಿನವಳು ಸತ್ತ ಮೇಲೆಯೂ, ಅವಳ ಎರಡು ಅವಕಾಶಗಳು ತೀರಿದ ಮೇಲೆಯೂ, ಪ್ರತಿ ಇರುಳು “ಹಾಲಿನವಳೇ, ಏಳು” ಎಂದು ಅದೇ ದನಿಯಲ್ಲಿ ಕರೆದು, ಐದು ಎಣಿಸುವಷ್ಟು ತಡೆದು ಮುಂದುವರಿಯಬೇಕು. ಚೀಟಿಗಳೆಲ್ಲವೂ ಒಂದೇ ಕಾಗದದವಾಗಿರಲಿ, ಒಂದೇ ಬಗೆಯಲ್ಲಿ ಮಡಿಸಿದುವಾಗಿರಲಿ, ಎರಡು ಆಟಗಳಾದ ಮೇಲೆ ಹೊಸದಾಗಿ ಬರೆಯಿರಿ. ಮಡಿಕೆಯ ಸುಕ್ಕನ್ನು ನೋಡಿಯೇ ತೋಳವನ್ನು ಹಿಡಿಯಬಲ್ಲ ಹುಡುಗರು ಪ್ರತಿ ಮನೆಯಲ್ಲಿಯೂ ಒಬ್ಬರಾದರೂ ಇರುತ್ತಾರೆ.